ಬಲಗಾಲಿಗೊಂದು ಮಾಡ್ಯೂಲು

ಸುರಪುರ
೯ ಜೂನ್ ೨೦೨೪

ಬುದ್ಧಪ್ರಿಯ,

ಇದು ನನ್ನ ಅಕ್ಷರವಲ್ಲ ಎಂಬುದು ಲಕೋಟೆ ನೋಡಿದಾಗಲೇ ನಿನಗೆ ತಿಳಿದಿರುತ್ತದೆ. ನಾನು ಹೇಳುತ್ತಿದ್ದೇನೆ, ನಾಗರತ್ನಾ ಬರೆಯುತ್ತಿದ್ದಾಳೆ. ಹೇಳುತ್ತಿದ್ದೇನೆ ಎನ್ನುವುದೂ ಪೂರ್ತಿ ನಿಜವಲ್ಲ. ನನ್ನ ಬಾಯಿಂದ ಹೊರಡುವ ಸದ್ದು ಈಗ ನನ್ನ ಹೆಂಡತಿಯೊಬ್ಬಳಿಗೇ ತಿಳಿಯುತ್ತದೆ. ಅವ್ವನಿಗೂ ತಿಳಿಯುವುದಿಲ್ಲ.

ನರದ ರೋಗ. ಹೋದ ವರ್ಷ ಬಲಗೈಯಲ್ಲಿ ಸೀಮೆಸುಣ್ಣ ನಿಲ್ಲದಾಯಿತು. ತರಗತಿಯಲ್ಲಿ ಯಾರಾದರೂ ಎತ್ತಿ ಕೊಡುತ್ತಿದ್ದರು, ಮತ್ತೆ ಬೀಳುತ್ತಿತ್ತು. ಆಮೇಲೆ ಎಡಗೈ, ಆಮೇಲೆ ನಾಲಗೆ. ಬುದ್ಧಿಗೆ ಏನೂ ಆಗುವುದಿಲ್ಲ ಎಂದು ಕಲಬುರಗಿಯ ಡಾಕ್ಟರು ಸಮಾಧಾನದ ದನಿಯಲ್ಲಿ ಹೇಳಿದರು. ವಾಸಿಯಾಗುವುದಿಲ್ಲ. ಇದನ್ನು ತಿಳಿಸಲೆಂದು ಬರೆಸುತ್ತಿಲ್ಲ. ಕೆಲಸವಿದೆ.

ನಾವಿಬ್ಬರೂ ಹಳ್ಳಿಯ ಶಾಲೆಗಳಿಗೆಂದು ಕಟ್ಟಿದ ಲಿನಕ್ಸ್ ಇನ್ನೂ ನನ್ನ ಮನೆಯ ಕಂಪ್ಯೂಟರಿನಲ್ಲಿದೆ. ಅದರ ಮೇಲೆ ನಾನೊಂದು ಬರಹದ ಹಲಗೆ ಮಾಡಿಕೊಂಡಿದ್ದೇನೆ. ಪರದೆಯಲ್ಲಿ ಅಕ್ಷರಗಳು ಒಂದೊಂದಾಗಿ ಬೆಳಗುತ್ತಾ ಹೋಗುತ್ತವೆ. ಬೇಕಾದದ್ದು ಬೆಳಗಿದಾಗ ಒತ್ತಿದರೆ ಸಾಲಿಗೆ ಸೇರುತ್ತದೆ. ಎಡಗೈಯ ಒಂದು ಬೆರಳಿನಿಂದ ಒತ್ತುತ್ತಿದ್ದೆ. ಯುಗಾದಿಯ ಹೊತ್ತಿಗೆ ಅದೂ ಹೋಯಿತು. ಬಲಗಾಲು ಉಳಿದಿದೆ. ಕಲಬುರಗಿಯಲ್ಲಿ ಫಿಸಿಯೋಥೆರಪಿ ಮಾಡಿಸುವವರು ಕಾಲಿನಿಂದ ಒತ್ತುವ ಗುಂಡಿಯೊಂದನ್ನು ಕೊಟ್ಟಿದ್ದಾರೆ. ಕಂಪ್ಯೂಟರಿನ ಕಣ್ಣಿಗೆ ಅದು ಜಾಯ್‌ಸ್ಟಿಕ್, ಆಟದ ಸಾಮಾನು. ಬೇರೆಯವರ ಲ್ಯಾಪ್‌ಟಾಪಿನಲ್ಲಿ ನಡೆಯುತ್ತದೆ, ನಮ್ಮದರಲ್ಲಿ ನಡೆಯುವುದಿಲ್ಲ. ಯಾಕೆಂದು ನಿನಗೆ ಗೊತ್ತು. ಮಕ್ಕಳು ಶಾಲೆಯಲ್ಲಿ ಆಟವಾಡುತ್ತಾ ಕೂರಬಾರದೆಂದು ಅದನ್ನು ಗುರುತಿಸುವ ಡ್ರೈವರನ್ನು ನಾವೇ ಬೇಕೆಂದು ಬಿಟ್ಟು ಕಟ್ಟಿದ್ದೆವು.

ಪೇಟೆಯ ಅಂಗಡಿಯವನೊಬ್ಬ ಹೊಸ ಲಿನಕ್ಸ್ ಹಾಕಿ ನೋಡಿದ. ನನ್ನ ಹಲಗೆ ಅದರ ಮೇಲೆ ಏಳಲಿಲ್ಲ. ಹಳೆಯ ಡಿಸ್ಕನ್ನೇ ಮತ್ತೆ ಕೂರಿಸಿಕೊಂಡೆವು. ಇಡೀ ಕರ್ನಲ್ ಬದಲಾಯಿಸಿ ಅದು ಏಳದಿದ್ದರೆ ಇಲ್ಲಿ ಏಳಿಸುವವರು ಯಾರೂ ಇಲ್ಲ. ಬಿಟ್ಟ ಆ ಡ್ರೈವರಿನ ಒಂದೇ ಮಾಡ್ಯೂಲನ್ನು ಕಟ್ಟಿ ಕಳಿಸಬಹುದೆ?

ಫೋನ್ ಮಾಡಬೇಡ. ಫೋನಿನಲ್ಲಿ ಮಾತಾಡುವವಳು ನಾಗರತ್ನಾ, ನಾನಲ್ಲ. ನನ್ನದೊಂದು ಮಾತಿದೆ. ಅದನ್ನು ಅವಳ ಕೈಯಿಂದ ಬರೆಸಲು ಆಗುವುದಿಲ್ಲ. ಅದಕ್ಕೆ ಈ ಗುಂಡಿ ಬೇಕು.

ವಿಶ್ವರಾಧ್ಯ

ಮೇಲಿನದೆಲ್ಲ ಅವರು ಹೇಳಿದ ಹಾಗೆಯೇ ಬರೆದಿದ್ದೇನೆ. ಕೊನೆಯ ಸಾಲುಗಳನ್ನೂ.
ನಾಗರತ್ನಾ


ಯಾದಗಿರಿ
೨೩ ಜೂನ್ ೨೦೨೪

ವಿಶ್ವ,

ಪತ್ರ ಕಾಲೇಜಿನ ಕಚೇರಿಯಲ್ಲಿ ಕೆಲವು ದಿನ ಬಿದ್ದಿತ್ತು. ಓದಿದ ಮೇಲೆ ನನ್ನ ಮೇಜಿನ ಮೇಲೆ ಇನ್ನೂ ಕೆಲವು ದಿನ ಇತ್ತು. ಏನಾದರೂ ಅನ್ನಿಸಲಿ ಎಂದು ಕಾದೆ. ಅನ್ನಿಸಲಿಲ್ಲ. ಪ್ರಯೋಗಾಲಯದ ಬಾಗಿಲು ತೆರೆದೆ, ಹಾಜರಿ ಹಾಕಿದೆ, ಬಾಗಿಲು ಮುಚ್ಚಿದೆ. ಅದಕ್ಕೆ ಕೆಲಸದ ಬಗ್ಗೆಯೇ ಬರೆಯುತ್ತೇನೆ.

ಆಗುತ್ತದೆ. ಒಂದು ಮಾಡ್ಯೂಲಿಗಾಗಿ ಇಡೀ ಕರ್ನಲನ್ನು ಮತ್ತೆ ಕಟ್ಟಬೇಕಾಗಿಲ್ಲ. ಆದರೆ ಒಂಟಿಯಾಗಿ ಕಟ್ಟಿದ ಮಾಡ್ಯೂಲು ತಾನು ಸೇರಬೇಕಾದ ಕರ್ನಲ್‌ನ ಸೋರ್ಸಿನಿಂದಲೇ, ಎಂದರೆ ಮೂಲ ಬರಹದಿಂದಲೇ, ಅದೇ ಆಯ್ಕೆಗಳಿಂದಲೇ ಹುಟ್ಟಿರಬೇಕು. ಸೋರ್ಸಿನ ಡಿವಿಡಿ ನನ್ನ ಬಳಿ ಇದೆ. ಆಯ್ಕೆಗಳ ಕಡತ ನಿನ್ನ ಯಂತ್ರದ boot ಫೋಲ್ಡರಿನಲ್ಲಿ config ಎಂಬ ಹೆಸರಿನಲ್ಲಿ ಇದೆ. ಅದರ ಪಕ್ಕದಲ್ಲಿ Module.symvers ಎಂಬ ಇನ್ನೊಂದನ್ನೂ ನೀನು ಇಟ್ಟಿದ್ದೆ ಎಂದು ನೆನಪು. ಎರಡೂ ಬೇಕು. ಅದನ್ನು ಕಟ್ಟಿಕೊಡುವ ಇಂದಿನ ಕಂಪೈಲರ್ ಆ ಹಳೆಯ ಸೋರ್ಸನ್ನು ಒಪ್ಪುವುದಿಲ್ಲ. ಹಾಗಾಗಿ ಕಾಲೇಜಿನ ಗುಜರಿ ಕೋಣೆಯಿಂದ ಆ ಕಾಲದ ಯಂತ್ರವೊಂದನ್ನು ಎಳೆದು ತಂದು ಎಬ್ಬಿಸಿದ್ದೇನೆ. ಫ್ಯಾನ್ ಅರಚುತ್ತದೆ, ಆದರೆ ನಡೆಯುತ್ತದೆ.

ನಾಗರತ್ನಾ ಅವರಿಗೆ: ಕಂಪ್ಯೂಟರಿನಲ್ಲಿ ಕೀಲಿಮಣೆ, ಪರದೆ, ಪ್ರಿಂಟರ್ ಇವೆಲ್ಲವನ್ನೂ ಗುರುತಿಸಿ ಮಾತಾಡಿಸುವ ಒಳಗಿನ ಕಾರ್ಯಕ್ರಮವೇ ಕರ್ನಲ್. ಒಂದೊಂದು ಸಾಮಾನನ್ನು ಗುರುತಿಸಲು ಅದಕ್ಕೆ ಒಂದೊಂದು ತುಂಡು ಬೇಕು. ಆ ತುಂಡೇ ಮಾಡ್ಯೂಲು. ಎರಡು ಕಡತಗಳನ್ನು ಪೆನ್‌ಡ್ರೈವಿಗೆ ಇಳಿಸುವ ವಿಧಾನ ಬೇರೆ ಹಾಳೆಯಲ್ಲಿದೆ. ಸುರಪುರದಿಂದ ಬೆಳಿಗ್ಗೆ ಹೊರಡುವ ಯಾದಗಿರಿ ಬಸ್ಸಿನ ಕಂಡಕ್ಟರ್ ಏಜಾಜ ನನ್ನ ಹಳೆಯ ವಿದ್ಯಾರ್ಥಿ. ಅವನ ಕೈಯಲ್ಲಿ ಕೊಟ್ಟರೆ ಮಧ್ಯಾಹ್ನದೊಳಗೆ ನನಗೆ ಮುಟ್ಟುತ್ತದೆ. ಪತ್ರಗಳನ್ನೂ ಅವನಿಗೇ ಕೊಡಬಹುದು.

ನಾನೇ ಬಂದರೆ ಇದು ಒಂದು ಮಧ್ಯಾಹ್ನದ ಕೆಲಸ. ಬರುವುದಿಲ್ಲ. ನಿಮ್ಮ ಮನೆಯ ಗೃಹಪ್ರವೇಶದ ದಿನ ನನ್ನ ಎಲೆಯನ್ನು ಹಿತ್ತಲಲ್ಲಿ ಹಾಕಿದ್ದರು. ಒಳಗೆ, ಬೇರೆ ಮೇಷ್ಟ್ರುಗಳ ಸಾಲಿನಲ್ಲಿ ನೀನು ಕೂತಿದ್ದೆ. ತೆರೆದ ಬಾಗಿಲಿನಿಂದ ನಿನ್ನ ಬೆನ್ನು ಕಾಣುತ್ತಿತ್ತು. ಸಿಟ್ಟಿನಿಂದ ಬರೆಯುತ್ತಿಲ್ಲ. ಸಿಟ್ಟು ಎಂದೋ ಮುಗಿದಿದೆ. ಬರದಿರುವುದು ಈಗ ಒಂದು ಅಭ್ಯಾಸ, ಅಷ್ಟೇ.

ಬುದ್ಧಪ್ರಿಯ


ಸುರಪುರ
೪ ಜುಲೈ ೨೦೨೪

ಬುದ್ಧಪ್ರಿಯ,

ಕಡತಗಳು ಪೆನ್‌ಡ್ರೈವಿನಲ್ಲಿವೆ. ನಿನ್ನ ಪತ್ರವನ್ನು ನಾಗರತ್ನಾ ಓದಿ ಹೇಳಿದಳು. ಕೊನೆಯ ಭಾಗವನ್ನು ಬಿಟ್ಟು ಓದಿದಳು. ಪತ್ರ ಅಲ್ಲಿಗೇ ಮುಗಿಯುವ ರೀತಿಯದಲ್ಲ ಎಂದು ಅನ್ನಿಸಿತು. ಹಾಳೆಯನ್ನು ಮುಖದ ಮುಂದೆ ಹಿಡಿಯಲು ಹೇಳಿ ನಾನೇ ಓದಿಕೊಂಡೆ.

ಬೇಗ ಕಟ್ಟು. ಬಲಗಾಲು ಬೆಳಿಗ್ಗೆ ಇದ್ದ ಹಾಗೆ ಸಂಜೆ ಇರುವುದಿಲ್ಲ.

ವಿಶ್ವರಾಧ್ಯ

ಬುದ್ಧಪ್ರಿಯ ಸರ್, ಇದು ನನ್ನ ಮಾತು. ಬಿಟ್ಟು ಓದಿದ್ದು ಅವರಿಗೆ ನೋವಾಗಬಾರದೆಂದು. ಈಚೆಗೆ ಹಾಗೆ ಎಷ್ಟೋ ಬಿಡುತ್ತೇನೆ. ಫೋನಿನಲ್ಲಿ ಯಾರಾದರೂ ಕೇಳಿದರೆ ಆರಾಮ ಇದ್ದಾರೆ ಎನ್ನುತ್ತೇನೆ. ಅವರು ಇಲ್ಲ ಎಂದು ಸದ್ದು ಮಾಡಿದರೆ, ನಿಮ್ಮನ್ನು ಕೇಳಿದ್ದಾಗಿ ಹೇಳುತ್ತಿದ್ದಾರೆ ಎನ್ನುತ್ತೇನೆ.

ಪೆನ್‌ಡ್ರೈವಿಗೆ ಇಳಿಸಲು ನನಗೆ ಬಹಳ ಹೊತ್ತಾಯಿತು. ಅತ್ತೆ ಪಾರ್ವತಿಬಾಯಿ ಹಿಂದೆಯೇ ನಿಂತಿದ್ದರು. ಇದನ್ನು ಯಾರಿಗೆ ಕಳಿಸುತ್ತೀ ಎಂದು ಕೇಳಿದರು. ಹೇಳಿದೆ.

“ಅಂವಾ ಇಲ್ಲಿಗೇ ಬರಾಕ ಏನಾಗ್ಯಾದ?”

“ನಿಮಗ ಗೊತ್ತಿಲ್ಲೇನ್ರಿ ಅತ್ತಿ?”

“ನನಗೇನ ಗೊತ್ತು. ನಾ ಕಂಪೂಟರ ಕಲ್ತಾಕಿ ಏನು?” ಎಂದು ಒಳಗೆ ಹೋದರು. ಆ ದಿನ ಊಟಕ್ಕೆ ಕರೆದರೂ ಬರಲಿಲ್ಲ.

ನಾಗರತ್ನಾ


ಯಾದಗಿರಿ
೨೧ ಜುಲೈ ೨೦೨೪

ವಿಶ್ವ,

ಮಾಡ್ಯೂಲು ಇದರ ಜೊತೆಗಿದೆ. ಹೆಸರು joydev.

ಹಿಂದೆ ಶಹಾಪುರದ ನಿನ್ನ ಬಾಡಿಗೆ ಕೋಣೆಯಲ್ಲಿ ಯಂತ್ರವನ್ನು ಕರ್ನಲ್ ಕಟ್ಟಲು ಹಚ್ಚಿ ನಾವು ಬೆಟ್ಟದ ಕಡೆ ಹೋಗುತ್ತಿದ್ದೆವು. ಕೆರೆಯ ದಂಡೆಯಿಂದ ನೋಡಿದರೆ ಬುದ್ಧ ಮಲಗಿದ್ದಾನೆ ಎಂದು ನಾನು ಹೇಳುತ್ತಿದ್ದೆ. ನೀನು ಗಣಿತದ ಮೇಷ್ಟ್ರು, ಮೂರು ಗುಡ್ಡಗಳಿವೆ ಎನ್ನುತ್ತಿದ್ದೆ. ಮರಳಿ ಬಂದರೂ ಪರದೆಯ ಮೇಲೆ ಸಾಲುಗಳು ಓಡುತ್ತಲೇ ಇರುತ್ತಿದ್ದವು. ಈ ಸಲ ಸೋರ್ಸ್ ಬಿಚ್ಚಿದೆ, ನಿನ್ನ config ಕಡತವನ್ನು ಅದರೊಳಗೆ ಇಟ್ಟೆ, ಜಾಯ್‌ಸ್ಟಿಕ್ಕಿನ ಸಾಲೊಂದನ್ನು ಮಾತ್ರ ಬದಲಿಸಿದೆ. ಮೊದಲು make modules_prepare, ಆಮೇಲೆ make M=drivers/input. ಕೆಲವೇ ಸಾಲುಗಳು ಬಂದವು, ನಿಂತವು. ಮುಗಿಯಿತೆಂದು ನಂಬಲಾಗದೆ ಸ್ವಲ್ಪ ಹೊತ್ತು ನೋಡುತ್ತಾ ಕೂತೆ.

ಅಷ್ಟು ದೊಡ್ಡದರಲ್ಲಿ ಅಷ್ಟು ಸಣ್ಣದನ್ನು ಮಾತ್ರ ಮುಟ್ಟಿ ಉಳಿದದ್ದನ್ನು ಹಾಗೆಯೇ ಬಿಡಬಹುದು ಎನ್ನುವುದು ನನಗೆ ಮೊದಲಿನಿಂದ ಗೊತ್ತಿತ್ತು. ವಿದ್ಯಾರ್ಥಿಗಳಿಗೆ ಹೇಳಿಕೊಟ್ಟಿದ್ದೇನೆ. ಮಾಡಿದ್ದು ಇದೇ ಮೊದಲು.

ಬಸ್ ನಿಲ್ದಾಣದಲ್ಲಿ ಏಜಾಜ ಲಕೋಟೆಯನ್ನು ಅಲುಗಾಡಿಸಿ ನೋಡಿದ.

“ಒಳಗ ಏನದ್ರಿ ಸರ?”

“ಒಂದು ಡ್ರೈವರ್.”

“ನಮ್ಮ ಡಿಪೋಕ್ಕೂ ಒಬ್ಬನ್ನ ಹಿಂಗ ಲಕೋಟಿನ್ಯಾಗ ಕಳಸ್ರಿ. ಕಮ್ಮಿ ಬಿದ್ದಾರ.”

ನಕ್ಕೆ ಎಂದುಕೊಂಡೆ. ಆಮೇಲೆ ಅವನು ಯಾಕ್ರೀ ಸರ ಮಾರಿ ಹಂಗ ಮಾಡೀರಿ ಎಂದು ಕೇಳಿದ. ನಗಲಿಲ್ಲ ಎಂದು ಕಾಣುತ್ತದೆ.

ನಾಗರತ್ನಾ ಅವರು ಹಾಳೆಯಲ್ಲಿ ಇರುವಂತೆ ಮಾಡಲಿ. ಮೊದಲ ಸಾಲು ಮಾಡ್ಯೂಲನ್ನು ಅದರ ಜಾಗಕ್ಕೆ ಒಯ್ಯುತ್ತದೆ, ಎರಡನೆಯ ಸಾಲು ಕರ್ನಲಿಗೆ ಹೊಸ ತುಂಡು ಬಂದ ಸುದ್ದಿ ಕೊಡುತ್ತದೆ, ಕೊನೆಯದು ಸೇರಿಸುತ್ತದೆ. ಕೊನೆಯ ಸಾಲು: modprobe joydev. ಯಂತ್ರ ಏನನ್ನೂ ಹೇಳದೆ ಸುಮ್ಮನಿದ್ದರೆ ಕೆಲಸವಾಯಿತು ಎಂದರ್ಥ. ಏನಾದರೂ ಹೇಳಿದರೆ dmesg ಎಂದು ಒತ್ತಿ, ಕೆಳಗಿನ ಸಾಲನ್ನು ಬರೆದು ಕಳಿಸಲಿ.

ಬುದ್ಧಪ್ರಿಯ


ಸುರಪುರ
೩ ಆಗಸ್ಟ್ ೨೦೨೪

ಬುದ್ಧಪ್ರಿಯ ಸರ್,

ಈ ಪತ್ರ ಪೂರ್ತಿ ನನ್ನದೇ. ಯಂತ್ರ ಸುಮ್ಮನಿರಲಿಲ್ಲ. ಕೆಳಗಿನ ಸಾಲು ಇದು, ಅರ್ಥವಾಗದಿದ್ದರೂ ಅಕ್ಷರ ಅಕ್ಷರ ನೋಡಿ ಬರೆದಿದ್ದೇನೆ:

joydev: version magic '3.13.11 SMP mod_unload 686' should be '3.13.11-vanadurga SMP mod_unload 686'

ಅವರಿಗೆ ತೋರಿಸಿದೆ. ಓದಿ ಕಣ್ಣು ಮುಚ್ಚಿಕೊಂಡರು. ನಾನು ಹೊಲಿಗೆ ಮಾಡುತ್ತೇನೆ, ಸರ್. ಕೆಲವರು ಅಳತೆಯ ಜಂಪರ್ ಎಂದು ಹಳೆಯ ಕುಪ್ಪಸವೊಂದನ್ನು ಕೊಟ್ಟು ಹೋಗುತ್ತಾರೆ. ಅದರಂತೆ ಹೊಲಿದರೂ ಮೈಗೆ ಕೂಡುವುದಿಲ್ಲ, ಒಳಗೆ ಎಲ್ಲೋ ಬಿಚ್ಚಿ ಹಿಡಿದದ್ದನ್ನು ಹೇಳಿರುವುದಿಲ್ಲ. ಇದೂ ಹಾಗೇ ಏನೋ ಎಂದುಕೊಂಡೆ.

ಅವರ ಸದ್ದು ಈಗ ನನಗೂ ತಿಳಿಯುವುದಿಲ್ಲ. ರಟ್ಟಿನ ಮೇಲೆ ಅಕ್ಷರಮಾಲೆ ಬರೆದುಕೊಂಡಿದ್ದೇನೆ. ನಾನು ಬೆರಳು ಇಡುತ್ತಾ ಹೋಗುತ್ತೇನೆ, ಬೇಕಾದ ಅಕ್ಷರ ಬಂದಾಗ ಅವರು ಕಣ್ಣು ಮುಚ್ಚಿ ತೆರೆಯುತ್ತಾರೆ.

ಕಲಬುರಗಿಗೆ ಹೋಗಿ ಬಂದೆವು. ಎದೆಗೆ ಉಸಿರು ಎಳೆಯುವ ಶಕ್ತಿ ಕಡಿಮೆಯಾಗುತ್ತಿದೆಯಂತೆ. ಇನ್ನು ಕೆಲವು ತಿಂಗಳಲ್ಲಿ ಗಂಟಲಿಗೆ ತೂತು ಮಾಡಿ ಉಸಿರಾಟದ ಯಂತ್ರ ಕೂಡಿಸಬೇಕು, ಕೂಡಿಸಿದರೆ ವರ್ಷಗಟ್ಟಲೆ ಇರಬಹುದು, ಕೂಡಿಸಿದ ಮೇಲೆ ತೆಗೆಯುವುದು ಸುಲಭವಲ್ಲ, ಹಾಗಾಗಿ ಮೊದಲೇ ತೀರ್ಮಾನ ಮಾಡಿ ಎಂದರು. ನಾನು ಹಾಕಿಸ್ತೀವ್ರಿ ಎಂದೆ. ಡಾಕ್ಟರು ಅವರ ಕಡೆ ತಿರುಗಿ ನಿಮ್ಮದು ಏನು ಎಂದು ಕೇಳಿದರು. ರಟ್ಟು ಚೀಲದಲ್ಲಿತ್ತು. ನಾನು ಅವರೂ ಹೂಂ ಅಂದಾರ ಎಂದೆ.

ಮನೆಗೆ ಬಂದ ಮೇಲೆ ರಟ್ಟು ತೋರಿಸು ಎಂದು ಕಣ್ಣಿನಲ್ಲೇ ಹೇಳುತ್ತಾರೆ. ಮೊದಲ ಎರಡು ಅಕ್ಷರಕ್ಕೇ ವಾಕ್ಯ ಯಾವುದು ಎಂದು ನನಗೆ ತಿಳಿಯುತ್ತದೆ. ರಟ್ಟನ್ನು ಕೆಳಗೆ ಇಡುತ್ತೇನೆ. ಒಲೆಯ ಮೇಲೆ ಹಾಲಿದೆ ಎನ್ನುತ್ತೇನೆ. ಹಾಲು ಇರುವುದಿಲ್ಲ.

ಹೀಗಿದ್ದೂ ಆ ಮಾಡ್ಯೂಲನ್ನು ಸರಿಮಾಡಿ ಕಳಿಸಿ. ಅವರು ನನ್ನ ಮುಖ ನೋಡುವುದನ್ನು ಬಿಟ್ಟಿದ್ದಾರೆ. ಗುಂಡಿಯನ್ನೇ ನೋಡುತ್ತಾರೆ.

ನಾಗರತ್ನಾ


ಯಾದಗಿರಿ
೨೦ ಆಗಸ್ಟ್ ೨೦೨೪

ನಾಗರತ್ನಾ ಅವರಿಗೆ,

ತಪ್ಪು ನನ್ನದು, ನೀವು ಬರೆದದ್ದು ಒಂದಕ್ಷರ ತಪ್ಪಿಲ್ಲ. ಪ್ರತಿ ಕರ್ನಲಿಗೂ ತನ್ನ ಹೆಸರು ಇರುತ್ತದೆ. ಸೇರಲು ಬಂದ ಮಾಡ್ಯೂಲು ಅದೇ ಹೆಸರನ್ನು ಹೇಳಬೇಕು. ಹೆಸರು ಕೂಡದಿದ್ದರೆ ಬಾಗಿಲು ತೆರೆಯುವುದಿಲ್ಲ. ನಮ್ಮ ಕರ್ನಲಿಗೆ ಸಂಖ್ಯೆ ಬಿಟ್ಟು ಬೇರೆ ಹೆಸರಿಲ್ಲ ಎಂದು ನಾನು ತಿಳಿದಿದ್ದೆ. ಯಂತ್ರವನ್ನು ಕೇಳಿದ್ದರೆ ಹೇಳುತ್ತಿತ್ತು. uname -r ಎಂದರೆ ಸಾಕು. ಕೇಳಲಿಲ್ಲ. ಕಟ್ಟಿದವರಲ್ಲಿ ನಾನೂ ಒಬ್ಬ, ಕೇಳುವುದು ಏನಿದೆ ಎಂದುಕೊಂಡೆ.

ನಾವು ಮೊದಲು ಯಂತ್ರಗಳನ್ನು ಕೂರಿಸಿದ್ದು ವನದುರ್ಗದ ಶಾಲೆಯಲ್ಲಿ. ಕೋಟೆಯ ಕಲ್ಲು ತಂದು ಕಟ್ಟಿದ ಒಂದು ಕೋಣೆ, ಮಧ್ಯಾಹ್ನವೂ ತಂಪು. ನಾನು ಹೊರಗೆ ವೈರು ಎಳೆಯುತ್ತಿದ್ದೆ. ಆಗ ವಿಶ್ವ ಒಳಗೆ ಕೂತು ಮೇಕ್‌ಫೈಲ್ ಎಂಬ ಕಡತದ ತಲೆಯಲ್ಲಿ ಊರಿನ ಹೆಸರು ಸೇರಿಸಿರಬೇಕು. ಆಯ್ಕೆಗಳ ಕಡತದಲ್ಲಿ ಬರೆದಿದ್ದರೆ ನನಗೆ ಸಿಗುತ್ತಿತ್ತು. ಅವನು ಬರೆದದ್ದು ಬೇರೆ ಜಾಗದಲ್ಲಿ. ನನಗೆ ಹೇಳಿದ್ದನೋ ಇಲ್ಲವೋ ನೆನಪಿಲ್ಲ. ಹೇಳಿದ್ದರೆ ನಾನು ಕೇಳಿಸಿಕೊಂಡಿಲ್ಲ.

ಹೆಸರು ಸೇರಿಸಿ ಮತ್ತೆ ಕಟ್ಟಿದ್ದೇನೆ. ಅದೇ ಹಾಳೆಯ ಸಾಲುಗಳನ್ನೇ ಇನ್ನೊಮ್ಮೆ ಒತ್ತಬೇಕು. ಹೆಸರು ಕೂಡದಿದ್ದರೂ ಬಲವಂತವಾಗಿ ಸೇರಿಸುವ ಒಂದು ಮಾರ್ಗವಿದೆ. ಅಂಗಡಿಯವರು ಯಾರಾದರೂ ಹೇಳಿಯಾರು. ಮಾಡಬೇಡಿ. ಸೇರಿದ ಹಾಗೆ ಕಾಣುತ್ತದೆ, ಒಳಗೆ ಏನು ಯಾವುದರ ಮೇಲೆ ಬೀಳುತ್ತದೆ ಎಂದು ಯಾರೂ ಹೇಳಲಾರರು.

ನೀವು ಬರೆದ ಉಳಿದದ್ದನ್ನೂ ಓದಿದೆ. ಅವನು ಏನು ಬರೆಯಲಿದ್ದಾನೆಂದು ಈಗ ನನಗೂ ಗೊತ್ತು. ಗೊತ್ತಿದ್ದೇ ಇದನ್ನು ಕಳಿಸುತ್ತಿದ್ದೇನೆ. ನಿಮಗೆ ಸಮಾಧಾನ ಹೇಳುವಂಥದು ನನ್ನಲ್ಲಿ ಹುಡುಕಿದೆ. ಸಿಗಲಿಲ್ಲ. ನನ್ನ ಹೆಂಡತಿ ಪರಿಮಳಾ ಮುದನಾಳದ ಶಾಲೆಯಲ್ಲಿ ಪಾಠ ಮುಗಿಸಿ ಬಂದವಳು ಇದನ್ನು ಕೇಳಿ, ಪತ್ರದ ಬದಲು ಹೋಗಿ ಬನ್ನಿ ಎಂದಳು. ಬಸ್ ನಿಲ್ದಾಣದವರೆಗೆ ಹೋದೆ. ಲಕೋಟೆ ಕೊಟ್ಟು ಮರಳಿದೆ.

ಬುದ್ಧಪ್ರಿಯ


ಸುರಪುರ
೧೧ ಸೆಪ್ಟೆಂಬರ್ ೨೦೨೪

ಬುದ್ಧ,

ಕಾಲು ನಡೀತದ.

ಗಂಟಲಿಗೆ ತೂತು ಬೇಡ. ಯಂತ್ರ ಬೇಡ. ಉಸಿರು ನಿಂತಾಗ ನಿಲ್ಲಲಿ. ಇದನ್ನು ಡಾಕ್ಟರಿಗೆ ಮುಟ್ಟಿಸು. ನಾಗರತ್ನಾ ಹೇಳುವುದಿಲ್ಲ. ಅವಳ ಮೇಲೆ ಸಿಟ್ಟಿಲ್ಲ.

ಹಿತ್ತಲಿನ ಎಲೆಯ ಬಗ್ಗೆ ಬರೆಯುತ್ತೇನೆ ಎಂದು ನೀನು ಕಾದಿರಬಹುದು. ಒಂದು ಸಾಲಿಗೆ ಅರ್ಧ ದಿನ ಹೋಗುತ್ತದೆ. ಇರುವ ಸಾಲುಗಳನ್ನು ಅದಕ್ಕೆ ಕೊಡಲಾರೆ. ನಿನ್ನ ಅಭ್ಯಾಸ ಇಟ್ಟುಕೋ.

ವಿಶ್ವ


ಸುರಪುರ
೧೩ ಸೆಪ್ಟೆಂಬರ್ ೨೦೨೪

ಬುದ್ಧಪ್ರಿಯ ಸರ್,

ಮೇಲಿನ ಹಾಳೆ ಪ್ರಿಂಟರಿನಿಂದ ತಾನಾಗಿಯೇ ಹೊರಗೆ ಬಂತು. ನಾನು ಅಡುಗೆ ಮನೆಯಲ್ಲಿದ್ದೆ. ಸದ್ದು ಕೇಳಿ ಬಂದೆ. ಅವರು ನೇರವಾಗಿ ನನ್ನನ್ನು ನೋಡುತ್ತಿದ್ದರು. ಬಹಳ ದಿನಗಳ ಮೇಲೆ ನೋಡಿದರು. ಮಡಚಿ ಲಕೋಟೆಗೆ ಹಾಕುವವಳು ನಾನೇ ಎಂದು ಅವರಿಗೆ ಗೊತ್ತಿದೆ. ಗೊತ್ತಿದ್ದೂ ಒತ್ತಿದ್ದಾರೆ.

ಎರಡು ದಿನ ಹಾಳೆ ಹೊಲಿಗೆ ಯಂತ್ರದ ಕೆಳಗೆ ಇತ್ತು. ಈಗ ಕಳಿಸುತ್ತಿದ್ದೇನೆ. ಆದರೆ ನೀವು ಡಾಕ್ಟರ ಹತ್ತಿರ ಹೋಗಬೇಡಿ. ಅವರಿಗೆ ಬೇಸರ ಬಂದಿದೆ, ಹೀಗೆ ಬರೆಯುತ್ತಾರೆ. ಬೇಸರ ಹೋಗುತ್ತದೆ. ನನಗೂ ಬಂದು ಹೋಗಿದೆ.

ಒಂದು ಮಾತು ಕೇಳುತ್ತೇನೆ. ಸೇರಿಸಿದ ಆ ಮಾಡ್ಯೂಲನ್ನು ತೆಗೆಯಲು ಬರುತ್ತದಾ?

ನಾಗರತ್ನಾ


ಯಾದಗಿರಿ
೨೨ ಸೆಪ್ಟೆಂಬರ್ ೨೦೨೪

ನಾಗರತ್ನಾ ಅವರಿಗೆ,

ಬರುತ್ತದೆ. ಸೇರಿಸಿದಷ್ಟೇ ಸುಲಭ. rmmod joydev. ಯಂತ್ರವನ್ನು ನಿಲ್ಲಿಸಬೇಕಾಗಿಲ್ಲ, ಬೇರೆ ಯಾವುದಕ್ಕೂ ಧಕ್ಕೆಯಾಗುವುದಿಲ್ಲ. ಗುಂಡಿ ಮೊದಲಿನಂತೆ ಬರೀ ಗುಂಡಿಯಾಗುತ್ತದೆ. ಮತ್ತೆ ತಾನಾಗಿ ಸೇರದಂತೆ ಕಡತವನ್ನು ಅಳಿಸುವ ಸಾಲನ್ನು ಈ ಹಾಳೆಯ ಹಿಂಬದಿಯಲ್ಲಿ ಬರೆದಿದ್ದೇನೆ.

ಒಂದು ಸಂಗತಿ. ಬಳಕೆಯಲ್ಲಿರುವ ಮಾಡ್ಯೂಲನ್ನು ಕರ್ನಲ್ ಬಿಟ್ಟುಕೊಡುವುದಿಲ್ಲ. ಅವನ ಬರಹದ ಹಲಗೆ ತೆರೆದಿರುವವರೆಗೆ ಗುಂಡಿ ಬಳಕೆಯಲ್ಲಿದೆ ಎಂದೇ ಲೆಕ್ಕ. ಮೊದಲು ಆ ಹಲಗೆಯನ್ನು ಮುಚ್ಚಬೇಕು. ಮುಚ್ಚಿದರೆ ಅದರಲ್ಲಿ ಅವನು ಬರೆಯುತ್ತಿದ್ದದ್ದು ಉಳಿಯುವುದಿಲ್ಲ.

ಕೇಳಿದಿರಿ, ಹೇಳಿದೆ. ಅವನಿಗೆ ಕೊಟ್ಟದ್ದನ್ನು ನಿಮಗೆ ಕೊಡದಿರುವುದು ಸರಿ ಅನ್ನಿಸಲಿಲ್ಲ. ತೆಗೆದರೆ ಅವನಿಗೆ ಏನು ಹೇಳಬೇಕೆಂದು ನನ್ನನ್ನು ಕೇಳಬೇಡಿ. ಅವನು ಕೇಳಿದರೆ ನಾನು ಸುಳ್ಳು ಹೇಳುವುದಿಲ್ಲ. ಅವನು ಕೇಳುವುದು ಹೇಗೆ ಎಂಬುದು ಬೇರೆ ಪ್ರಶ್ನೆ.

ಅವನ ಹಾಳೆಯನ್ನು ಮರಳಿ ಕಳಿಸುತ್ತಿದ್ದೇನೆ. ಬಸ್ ಹತ್ತಿ ಕಲಬುರಗಿಗೆ ಹೋಗಿ ಡಾಕ್ಟರ ಮೇಜಿನ ಮೇಲೆ ಇಡಬಹುದಿತ್ತು. ಒಂದು ದಿನ ರಜೆಯನ್ನೂ ಹಾಕಿದೆ. ಮನೆಯಲ್ಲೇ ಕೂತೆ. ನೀವು ಯಾರು ಎಂದು ಡಾಕ್ಟರು ಕೇಳಿದರೆ ಹೇಳಲು ನನ್ನ ಹತ್ತಿರ ಪದ ಇರಲಿಲ್ಲ. ನೀವು ಅದನ್ನು ಹರಿಯಬಹುದು. ಅವನು ಬರೆದದ್ದು ನನ್ನ ಹತ್ತಿರ ಇರುವುದಕ್ಕಿಂತ ನಿಮ್ಮ ಹತ್ತಿರ ಇರಲಿ.

ಬುದ್ಧಪ್ರಿಯ


ಸುರಪುರ
೬ ಅಕ್ಟೋಬರ್ ೨೦೨೪

ಬುದ್ಧಪ್ರಿಯ ಸರ್,

ನಿಮ್ಮ ಪತ್ರ ಬಂದ ಮೇಲೆ ವಾರದವರೆಗೆ ಯಂತ್ರದ ಹತ್ತಿರ ಹೋಗಲಿಲ್ಲ. ಅವರು ಬರೆಯುತ್ತಲೇ ಇದ್ದರು. ನಾನು ಪರದೆಯನ್ನು ನೋಡುವುದಿಲ್ಲ ಎಂದು ತೀರ್ಮಾನಿಸಿಕೊಂಡಿದ್ದೆ. ಊಟ, ಸ್ನಾನ, ಮಗ್ಗುಲು ಬದಲಿಸುವುದು, ಇಷ್ಟೇ. ಅತ್ತೆ ಒಂದು ದಿನ ಪರದೆಯ ಮುಂದೆ ನಿಂತು, ಅವರಿಗೆ ಓದಲು ಬರುವುದಿಲ್ಲ, ನನ್ನ ಮಗ ಏನ ಹೇಳಾಕತ್ತಾನ ಎಂದು ಕೇಳಿದರು. ಏನೂ ಇಲ್ಲ ಎಂದೆ.

ಕಳೆದ ಮಂಗಳವಾರ ಮಧ್ಯಾಹ್ನ ಅವರಿಗೆ ನಿದ್ದೆ ಹತ್ತಿತು. ಈಚೆಗೆ ಕೂತೇ ಮಲಗುತ್ತಾರೆ, ಅಡ್ಡಾದರೆ ಉಸಿರು ಕಟ್ಟುತ್ತದೆ. ನೀವು ಬರೆದ ಸಾಲನ್ನು ಒತ್ತಿದೆ. ಬಳಕೆಯಲ್ಲಿದೆ ಎಂದು ಯಂತ್ರ ಹೇಳಿತು. ನೀವು ಹೇಳಿದ್ದಿರಿ. ಹಲಗೆಯನ್ನು ಮುಚ್ಚಲು ಹೋದೆ. ಮುಚ್ಚಬೇಕಾದರೆ ಅದನ್ನು ಮುಂದೆ ತರಬೇಕು. ತಂದರೆ ಅದರಲ್ಲಿ ಇದ್ದದ್ದು ಕಣ್ಣಿಗೆ ಬೀಳುತ್ತದೆ.

ಮತ್ತೆ ಗಂಟಲಿನ ಮಾತೇ ಇರುತ್ತದೆ ಎಂದುಕೊಂಡಿದ್ದೆ. ಇರಲಿಲ್ಲ. ಅರ್ಧ ಸಾಲು ಇತ್ತು.

ನಾಗೂ ಎಡಗಿವಿ ಹಿಂದ ಭಾಳ ದಿನದಿಂದ ಕಡೀ

ಅಷ್ಟಕ್ಕೇ ನಿದ್ದೆ ಬಂದಿದೆ. ಹಿಂದೆ ಹೋಗಿ ನೋಡಿದೆ. ಕಿವಿಯ ಹಿಂದೆ ಕನ್ನಡಕದ ಕಡ್ಡಿ ಒತ್ತಿ ಒತ್ತಿ ಚರ್ಮ ಕೆಂಪಾಗಿ ಒರಟಾಗಿತ್ತು. ದಿನಾ ಮುಖ ಒರೆಸುವವಳು ನಾನು, ದಿನಾ ಕನ್ನಡಕ ಹಾಕುವವಳೂ ನಾನು. ರಟ್ಟು ಹಿಡಿದಾಗಲೆಲ್ಲ ನಾನು ಆ ಒಂದು ವಾಕ್ಯವನ್ನೇ ಕಾಯುತ್ತಿದ್ದೆ ಸರ್. ‘ಗಂ’ ಅಲ್ಲದೆ ಬೇರೆ ಅಕ್ಷರದಿಂದ ಶುರುವಾದರೂ ಅದೇ ಎಂದುಕೊಂಡು ಕೆಳಗೆ ಇಟ್ಟಿದ್ದೇನೆ. ಎಷ್ಟು ಸಲ ಇಟ್ಟೆನೋ.

ಕನ್ನಡಕ ತೆಗೆದೆ. ಕೊಬ್ಬರಿ ಎಣ್ಣೆ ಹಚ್ಚಿದೆ. ಬೆರಳಿನ ತುದಿಯಿಂದ ಮೆಲ್ಲಗೆ ತುರಿಸಿದೆ. ಅವರು ಎಚ್ಚರಾದರು, ಕಣ್ಣು ತೆರೆಯಲಿಲ್ಲ. ಉಸಿರು ಬದಲಾದದ್ದು ನನಗೆ ತಿಳಿಯಿತು. ಬಹಳ ಹೊತ್ತು ತುರಿಸಿದೆ. ಕೈ ನೋಯುವವರೆಗೆ. ಅಳು ಬರುತ್ತದೆ ಎಂದುಕೊಂಡೆ. ಬರಲಿಲ್ಲ. ಹಲಗೆಯನ್ನು ಮುಚ್ಚಲಿಲ್ಲ.

ಮರುದಿನ ಅತ್ತೆಯನ್ನು ಅವರ ಹತ್ತಿರ ಕೂರಿಸಿ, ನೀವು ಮರಳಿ ಕಳಿಸಿದ ಹಾಳೆಯನ್ನು ತೆಗೆದುಕೊಂಡು ಕಲಬುರಗಿಗೆ ಹೋದೆ. ಹೊರಡುವ ಮೊದಲು ಅದನ್ನು ಅವರಿಗೆ ತೋರಿಸಿದೆ, ಎಲ್ಲಿಗೆ ಹೋಗುತ್ತೇನೆ ಎಂದು ಹೇಳಿದೆ. ರಟ್ಟು ಹಿಡಿಯಲೇ ಎಂದು ಕೇಳಿದೆ. ಬೇಡ ಎಂದು ಕಣ್ಣನ್ನು ಆ ಕಡೆ ಹೊರಳಿಸಿದರು.

ಡಾಕ್ಟರು ಎರಡು ಸಲ ಓದಿದರು. ಇಂಥದ್ದನ್ನು ಕೆಲವೊಮ್ಮೆ ಮನೆಯವರೇ ಬೇಸತ್ತು ಬರೆದು ತರುತ್ತಾರಂತೆ, ಅದಕ್ಕೆ ಅವರು ಕೇಳಲೇಬೇಕಂತೆ. ಕನ್ನಡಕದ ಮೇಲಿನಿಂದ ನೋಡಿ ಕೇಳಿದರು.

“ಇದು ಖರೇನ ಅವರ ಬರದದ್ದೇನಮ್ಮ? ನೀವು ಬರದದ್ದಲ್ಲ?”

“ನಂದಲ್ಲರಿ,” ಎಂದೆ. “ನಾ ಬರೆದಿದ್ರ ಹಿಂಗ ಬರೀತಿದ್ದಿಲ್ಲ.”

ನಾಗರತ್ನಾ